ಕೂಸಿಗಿಂತ ಮೊದಲು ಕುಲಾವಿ

ಫೆಬ್ರವರಿ 3

ಮಗಳೇ,

ಇತ್ತ ನಾನು ಕ್ಷೇಮ. ಮೊಣಕಾಲು ಕ್ಷೇಮವಲ್ಲ, ಆದರೆ ಅದು ಒಂದು ಪತ್ರಕ್ಕೆ ವಸ್ತುವಾಗುವಷ್ಟು ಇನ್ನೂ ದೊಡ್ಡದಾಗಿಲ್ಲ.

ಈ ತಿಂಗಳ ಬಾಟಲಿ ಕಳಿಸಿದ್ದೇನೆ. ಎಂದಿನಂತೆ ಕಾಗದವನ್ನು ಅದರ ಸುತ್ತ ಸುತ್ತಿದ್ದೇನೆ. ಓದಿ ಹರಿದುಬಿಡು. ಫೋನು ಮಾಡೋಣವೆಂದರೆ, ನಿಮ್ಮ ಮನೆಯಲ್ಲಿ ಫೋನನ್ನು ಊಟದ ಮೇಜಿನ ನಟ್ಟನಡುವೆ ಇಟ್ಟು, ಸ್ಪೀಕರ್ ಹಾಕಿ, ಮನೆಮಂದಿಯೆಲ್ಲ ಸುತ್ತ ಕೂತು ಕೇಳುವ ಪದ್ಧತಿ. ನನ್ನ ದನಿಯೋ, ಮೂವತ್ತು ವರ್ಷ ಔಷಧಿ ಅಂಗಡಿಯಲ್ಲಿ ನಿಂತು ‘ಊಟ ಆದ್ಮೇಲೆ ಎರಡು!’ ಎಂದು ಕಿವಿ ಮಂದವಾದವರಿಗೆ ಕೂಗಿದ ದನಿ. ಗುಟ್ಟು ಹೇಳಲೆಂದು ದೇವರು ಕೊಟ್ಟದ್ದಲ್ಲ.

ಬಾಟಲಿಯ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ‘ಕೂದಲಿಗೆ. ದಿನಕ್ಕೆ ಎರಡು’ ಎಂದು ಬರೆದಿದ್ದೇನೆ. ನೀನು ಮದುವೆಯಾಗಿ ಹೋದ ಮೇಲೆ ಇದು ಇಪ್ಪತ್ತೈದನೆಯದು. ನಮ್ಮ ಸುಳ್ಳಿಗೆ ಎರಡು ವರ್ಷ ತುಂಬಿತು ಅಂದ ಹಾಗಾಯಿತು. ಹಲ್ಲು ಬಂದಿದೆ, ನಡೆಯಲು ಕಲಿತಿದೆ, ದೃಷ್ಟಿ ತಾಗದಿರಲಿ. ನಿನ್ನ ಆ ಹಳೆಯ ತೊಂದರೆ ಆರು ವರ್ಷದಿಂದ ಇತ್ತ ತಲೆ ಹಾಕಿಲ್ಲ. ಬಾರದ ನೆಂಟನ ಹೆಸರು ಹೇಳಿ ಅತ್ತೆಮನೆಯವರನ್ನು ಯಾಕೆ ಹೆದರಿಸಬೇಕು? ಅಂದೂ ಅದನ್ನೇ ಹೇಳಿದ್ದೆ, ಇಂದೂ ಅದನ್ನೇ ಹೇಳುತ್ತೇನೆ.

ಇವತ್ತು ಅಂಗಡಿಯಲ್ಲಿ ಒಂದು ತಮಾಷೆ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿಗೆ ಮುದ್ರೆ ಒತ್ತುವ ಹುಡುಗಿ ಇದ್ದಾಳಲ್ಲ, ಹೊಸದಾಗಿ ಮದುವೆಯಾದವಳು? ನಿನ್ನ ಬಾಟಲಿಗೂ ಅವಳೇ ಮುದ್ರೆ ಒತ್ತುವುದು. ‘ಒಳಗೇನಿದೆ?’ ಎನ್ನುತ್ತಾಳೆ, ‘ಕೂದಲಿನ ಔಷಧಿ’ ಎನ್ನುತ್ತೇನೆ, ಟಪ್ ಎಂದು ಒತ್ತುತ್ತಾಳೆ. ಅವಳು ಬಂದು ಕೆಮ್ಮಿನ ಮಾತ್ರೆ ತೆಗೆದುಕೊಂಡಳು. ಹೋಗಲಿಲ್ಲ. ಇನ್ನೊಂದು ಪಟ್ಟಿ ಕೆಮ್ಮಿನ ಮಾತ್ರೆ ತೆಗೆದುಕೊಂಡಳು. ಜನ ಖಾಲಿಯಾಗಲೆಂದು ಕಾಯುತ್ತಿದ್ದಳು. ನಮ್ಮ ಅಂಗಡಿಯಲ್ಲಿ ಜನ ಖಾಲಿಯಾಗುವುದುಂಟೇ? ಕೊನೆಗೆ ಗಾಜಿನ ಮೇಲೆ ಬಗ್ಗಿ ಪಿಸುಗುಟ್ಟಿದಳು: ‘ಫೋಲಿಕ್ ಆಸಿಡ್ ಮಾತ್ರೆ ಕೊಡಿ.’

‘ಎಷ್ಟು ತಿಂಗಳಮ್ಮಾ?’ ಅಂದೆ.

‘ಇನ್ನೂ ಇಲ್ಲ. ಆಗೋಕ್ ಮುಂಚೇನೇ ತಗೋಬೇಕಂತೆ.’

‘ಅಯ್ಯೋ ನಮ್ಮವ್ವಾ! ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದ್ರು ಅಂತ ಗಾದೆ ಕೇಳಿದ್ದೆ. ನೀನು ಕೂಸಿನ ಯೋಚನೆ ಹುಟ್ಟೋಕ್ ಮುಂಚೇನೇ ದರ್ಜಿ ಹತ್ರ ಹೊರಟಿದೀಯಲ್ಲ!’

ಇಡೀ ಸಾಲು ನಕ್ಕಿತು. ಉಬ್ಬಸದ ತಾತ ನಕ್ಕೂ ನಕ್ಕೂ ತಾನು ಕೊಂಡ ಪಂಪನ್ನು ಅಲ್ಲೇ ಬಿಚ್ಚಿ ಎಳೆದುಕೊಳ್ಳಬೇಕಾಯಿತು. ಹುಡುಗಿ ಕಿವಿಯವರೆಗೂ ಕೆಂಪಾಗಿ ಹೊರಟೇ ಹೋದಳು. ಛತ್ರಿ ಇಲ್ಲೇ ಉಳಿದಿದೆ. ಮೊಳೆಗೆ ತಗುಲಿಹಾಕಿದ್ದೇನೆ.

ಇಂತಿ ನಿನ್ನ ಅಮ್ಮ,
ಕೂದಲ ತಜ್ಞೆ


ಫೆಬ್ರವರಿ 20

ಅಮ್ಮನಿಗೆ ನಮಸ್ಕಾರ.

ಕೂದಲ ತಜ್ಞೆಯವರಲ್ಲಿ ಒಂದು ದೂರು. ಬಾಟಲಿಯಲ್ಲಿ ಆರೇ ಮಾತ್ರೆ ಉಳಿದಿವೆ. ತಿಂಗಳ ಕೊನೆ ಇನ್ನೂ ದೂರವಿದೆ.

ಕಳ್ಳರು ಸಿಕ್ಕಿದ್ದಾರೆ. ಮೊನ್ನೆ ಬೆಳಿಗ್ಗೆ ನೀರು ಕುಡಿಯಲು ಹೋದರೆ ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕತ್ತೆತ್ತಿ ಏನೋ ನುಂಗುತ್ತಿದ್ದರು.

‘ಏನತ್ತೆ ಅದು?’

‘ನಿಂದೇ ಕಣೇ. ಕೇಳಿದ್ರೆ ಕೊಡ್ತಿದ್ದೆ ಅಂತ ಗೊತ್ತು, ಅದಕ್ಕೇ ಕೇಳ್ಲಿಲ್ಲ. ನಿನ್ ಜಡೆ ನೋಡು, ಬಾವಿ ಹಗ್ಗ ಇದ್ದಂಗಿದೆ. ನಂದು ನೋಡು, ದೀಪದ ಬತ್ತಿ.’

ಹೊಸ ವರ್ಷದಿಂದ ನುಂಗುತ್ತಿದ್ದಾರಂತೆ. ಹಳೆಯ ಬಾಟಲಿಗಳಲ್ಲಿ ಉಳಿದದ್ದಿತ್ತು, ಅದಕ್ಕೇ ಹೋದ ತಿಂಗಳು ನನಗೆ ತಿಳಿಯಲಿಲ್ಲ. ಬತ್ತಿ ದಪ್ಪವಾಗುವ ಬದಲು ಇನ್ನೂ ಸಣ್ಣಗಾಗಿದೆ. ದಿಂಬಿನ ಮೇಲೆ, ಬಾಚಣಿಗೆಯಲ್ಲಿ, ಎಲ್ಲೆಲ್ಲೂ ಕೂದಲು. ‘ಸಾಲ್ತಾ ಇಲ್ಲ ಅನ್ಸುತ್ತೆ’ ಎಂದು ತಾವೇ ತೀರ್ಮಾನಿಸಿ ದಿನಕ್ಕೆ ಒಂದಿದ್ದದ್ದನ್ನು ಎರಡು ಮಾಡಿಕೊಂಡಿದ್ದಾರೆ. ಹಗಲೆಲ್ಲ ತೂಕಡಿಕೆ. ಇಪ್ಪತ್ತು ವರ್ಷ ಶಾಲಾ ಸಮವಸ್ತ್ರ ಹೊಲಿದ ಕೈ ಅದು. ಕಳೆದ ವಾರ ಒಂದು ಚಡ್ಡಿಯ ಎರಡೂ ಕಾಲನ್ನು ಸೇರಿಸಿ ಹೊಲಿದಿದ್ದರು. ಆ ಮಗು ಹಾಕಿಕೊಂಡಿದ್ದರೆ ಕಪ್ಪೆಯ ಹಾಗೆ ಕುಪ್ಪಳಿಸಿಕೊಂಡೇ ಶಾಲೆಗೆ ಹೋಗಬೇಕಿತ್ತು.

ನಗು ಬರುತ್ತದೆ, ಅಮ್ಮ. ಆದರೆ ಅದು ಫಿಟ್ಸ್ ಮಾತ್ರೆ. ಫಿಟ್ಸ್. ಬರೆದೇಬಿಟ್ಟೆ ನೋಡು, ಕಾಗದ ಹೊತ್ತಿಕೊಳ್ಳಲಿಲ್ಲ. ಉಳಿದದ್ದು ಸಾಲಲಿ ಎಂದು ನಾನು ಐದು ದಿನದಿಂದ ಒಂದೇ ತೆಗೆದುಕೊಳ್ಳುತ್ತಿದ್ದೇನೆ.

ಇನ್ನೊಂದು ಮಾತು. ನಾವಿಬ್ಬರೂ ಈ ವರ್ಷ ಮಗುವಾಗಲಿ ಎಂದುಕೊಂಡಿದ್ದೇವೆ. ಈ ಮಾತ್ರೆ ನುಂಗುತ್ತಾ ಬಸಿರಾಗಬಹುದೇ? ನಮ್ಮ ರಸ್ತೆಯ ತುದಿಯಲ್ಲೇ ಹೆಂಗಸರ ಆಸ್ಪತ್ರೆ ಇದೆ. ಎರಡು ಸಲ ಗೇಟಿನವರೆಗೆ ಹೋಗಿ ಬಂದೆ. ಒಳಗಿನ ಬೆಂಚಿನ ಮೇಲೆ ಹೊಟ್ಟೆ ಮುಂದೆ ಬಂದವರೇ ಕೂತಿರುತ್ತಾರೆ. ಬರಿಹೊಟ್ಟೆ ಹೊತ್ತು ಹೋಗಿ ನಾನೇನೆಂದು ಕೇಳಲಿ? ಊರಿಗೆಲ್ಲ ಕನ್ನಡಕ ಕೂರಿಸಿ ಕಣ್ಣು ಕಾಣಿಸುವವಳು ನಾನು, ಮನೆಯವರ ಕಣ್ಣು ತಪ್ಪಿಸಿ ಬದುಕುವುದಾಯಿತು. ನಿನ್ನ ಅಂಚೆ ಹುಡುಗಿಯ ಜಾಗದಲ್ಲಿ ನಾನಿದ್ದಿದ್ದರೆ ಛತ್ರಿಯಲ್ಲ, ಚಪ್ಪಲಿಯನ್ನೂ ಬಿಟ್ಟು ಓಡುತ್ತಿದ್ದೆ. ಆದರೆ ಕೇಳಬೇಕಾದ್ದನ್ನು ಅವಳು ಬಾಯಿಬಿಟ್ಟು ಕೇಳಿದಳಲ್ಲ.

ನೀನೇ ಹೇಳು. ಊರಿಗೆಲ್ಲ ಹೇಳುವವಳು ನೀನು.

ನಿನ್ನ ಮಗಳು


ಫೆಬ್ರವರಿ 25

ಮಗಳೇ,

ತಲೆ ಕೆಟ್ಟಿದೆಯೇ ನಿನಗೆ? ಒಂದು ದಿನವೂ ಕಡಿಮೆ ಮಾಡಬೇಡ. ಎರಡೆಂದರೆ ಎರಡು.

ಎರಡು ಬಾಟಲಿ ಕಳಿಸಿದ್ದೇನೆ. ಕೊರಳಿಗೆ ಕೆಂಪು ದಾರ ಕಟ್ಟಿದ್ದು ನಿನ್ನದು. ನಿನ್ನ ಬಟ್ಟೆಗಳ ಅಡಿಯಲ್ಲಿ ಬೀಗ ಹಾಕಿ ಇಡು. ದಾರವಿಲ್ಲದ್ದು ಬೀಗಿತ್ತಿಯವರಿಗೆ. ಅದರಲ್ಲಿರುವುದು ಬರೀ ಸುಣ್ಣದ ಅಂಶದ ಮಾತ್ರೆ, ಮೂಳೆಗೆ ಒಳ್ಳೆಯದು. ‘ಅಮ್ಮ ನಿಮಗೇ ಅಂತ ಸ್ಪೆಷಲ್ಲಾಗಿ ಕಳ್ಸಿದಾಳೆ’ ಎಂದು ಹೇಳು. ಕೂದಲು ಬರದಿದ್ದರೂ ಮಂಡಿಯಾದರೂ ಗಟ್ಟಿಯಾಗಲಿ. ಒಂದು ಸುಳ್ಳು ಕುಂಟಿದಾಗ ಊರುಗೋಲಾಗಿ ಇನ್ನೊಂದನ್ನು ಕೊಡುವುದು ಗೃಹಿಣಿಯ ಧರ್ಮ.

ಮಗುವಿನ ಸುದ್ದಿ ಕೇಳಿ ಸಂತೋಷವಾಯಿತು. ಆಸ್ಪತ್ರೆಗೆ ಹೋಗಿ ಇಲ್ಲದ್ದನ್ನೆಲ್ಲ ಕೇಳಿ ರಾಡಿ ಎಬ್ಬಿಸಬೇಡ. ಹೋದರೆ ಹೆಸರು ಬರೆಸಬೇಕು, ಕಾಯಿಲೆ ಬರೆಸಬೇಕು, ಗಂಡನನ್ನು ಕರೆತಾ ಎನ್ನುತ್ತಾರೆ. ಏನೇನೋ ನುಂಗಿಕೊಂಡು ಹೆತ್ತವರನ್ನು ನಾನು ಬೇಕಾದಷ್ಟು ಜನ ನೋಡಿದ್ದೇನೆ.

ಆದಾಗ ನೋಡಿಕೊಳ್ಳೋಣ.

ನಿನ್ನ ಅಮ್ಮ


ಮಾರ್ಚ್ 18

ಮಗಳೇ,

ಈ ಕಾಗದಕ್ಕೆ ಬಾಟಲಿ ಇಲ್ಲ. ಕೂತು ಓದು.

ಇವತ್ತು ಆರೋಗ್ಯ ಕೇಂದ್ರದ ನರ್ಸಮ್ಮ ನಮ್ಮ ಅಂಗಡಿಯ ಗಾಜಿಗೆ ಒಂದು ಪೋಸ್ಟರು ಅಂಟಿಸಲು ಬಂದರು. ‘ಮಗುವಿನ ಯೋಚನೆ ಇದೆಯೇ? ಮೊದಲೇ ಬನ್ನಿ’ ಎಂದಿತ್ತು. ನನ್ನ ನಾಲಗೆ ಸುಮ್ಮನಿರುತ್ತದೆಯೇ?

‘ಆಮೇಲೆ ಬಂದ್ರೆ ಒಳಗೆ ಬಿಡಲ್ವಾ ನರ್ಸಮ್ಮಾ?’

‘ಆಮೇಲೆ ಬರೋರನ್ನ ನೋಡಿ ನೋಡಿ ಸಾಕಾಗೇ ಇದನ್ನ ಅಂಟಿಸ್ತಿರೋದು. ಬಸಿರು ಅಂತ ಇವ್ರಿಗೆ ಗೊತ್ತಾಗೋ ಹೊತ್ತಿಗೆ ಮಗೂ ಬೆನ್ನುಹುರಿಗೆ ತಳಪಾಯ ಹಾಕಿ ಆಗಿರುತ್ತೆ. ಆಮೇಲೆ ನಾನು ಮಾತ್ರೆ ಕೊಟ್ರೆ ಮನೆ ಕಟ್ಟಿದ್ಮೇಲೆ ಸಿಮೆಂಟ್ ತಂದಂಗೆ.’

ನಾನು ನಕ್ಕೆ. ಅವರು ನಗಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡು ಎಂದು ಮೊದಲೇ ನೋಡಬೇಕಾದ್ದನ್ನೆಲ್ಲ ಹೇಳುತ್ತಾ ‘ಫಿಟ್ಸ್ ಮಾತ್ರೆ’ ಅಂದರು.

‘ಅದಕ್ಕೇನಾಗುತ್ತೆ?’

‘ಕೆಲವು ಪರವಾಗಿಲ್ಲ. ಒಂದಂತೂ ಬೇಡವೇ ಬೇಡ. ಅದೇ, ನಿಮ್ಮ ಬೆನ್ನಿಂದೇನೇ ಇದೆಯಲ್ಲ.’

ತಿರುಗಿ ನೋಡಿದೆ. ನಿನ್ನ ಡಬ್ಬಿ.

‘ಒಳಗೇ ಚೀಟಿ ಇಟ್ಟಿರ್ತಾರಲ್ಲ, ನೀವು ಓದಿರ್ಬೇಕಲ್ಲ?’

ಮಗಳೇ, ಪ್ರತಿ ತಿಂಗಳೂ ನಾನು ಏನು ಮಾಡುತ್ತೇನೆ ಗೊತ್ತೇ? ಡಬ್ಬಿಯನ್ನು ಹಿಂದಿನ ಕೋಣೆಗೆ ಒಯ್ಯುತ್ತೇನೆ. ಎಲ್ಲಕ್ಕಿಂತ ಮೊದಲು ಆ ಚೀಟಿಯನ್ನು ನಾಲ್ಕು ಚೂರು ಮಾಡುತ್ತೇನೆ, ಅದರಲ್ಲಿ ಕಾಯಿಲೆಯ ಹೆಸರು ದಪ್ಪಗೆ ಅಚ್ಚಾಗಿರುತ್ತದಲ್ಲ. ಆಮೇಲೆ ಡಬ್ಬಿ ಹರಿಯುತ್ತೇನೆ. ಆಮೇಲೆ ಒಂದೊಂದೇ ಮಾತ್ರೆ ಒತ್ತಿ ಬಾಟಲಿಗೆ ಬೀಳಿಸುತ್ತೇನೆ. ಊರ ಡಾಕ್ಟರುಗಳ ಕೋಳಿ ಕೆದರಿದ ಅಕ್ಷರವನ್ನೆಲ್ಲ ಓದುತ್ತೇನೆಂದು ಮೆರೆದವಳು, ಅಚ್ಚಾದ ಅಕ್ಷರ ಓದಲಿಲ್ಲ. ಇಪ್ಪತ್ತಾರು ಚೀಟಿ.

ಇವತ್ತು ಓದಿದೆ. ಅರ್ಧ ನಿಂತು ಓದಿದೆ, ಉಳಿದರ್ಧ ಕೂತು. ಬಸಿರಿನಲ್ಲಿ ಇದನ್ನು ತೆಗೆದುಕೊಂಡರೆ ಹತ್ತು ಮಕ್ಕಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಊನ. ಬೆನ್ನುಹುರಿ, ಹೃದಯ. ಬುದ್ಧಿ ಬೆಳೆಯುವುದಕ್ಕೂ ತೊಡಕು. ಅದರಡಿಯಲ್ಲಿ, ಸಣ್ಣ ಅಕ್ಷರದಲ್ಲಿ: ಕೂದಲು ಉದುರಬಹುದು.

ನಿನಗೆ ಹದಿನಾಲ್ಕು ತುಂಬಿದಾಗ ಬರೆದುಕೊಟ್ಟ ಔಷಧಿ. ಮದುವೆಯ ನಂತರ ಒಂದು ಸಲವೂ ಡಾಕ್ಟರಿಗೆ ತೋರಿಸದೆ ನಾನೇ ಡಾಕ್ಟರಾದೆ.

ನರ್ಸಮ್ಮ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಹೆದರಿ ನೀನಾಗಿಯೇ ಮಾತ್ರೆ ನಿಲ್ಲಿಸಬೇಡ. ಫಿಟ್ಸ್ ಬಂದರೆ ಅದೂ ಅಪಾಯ. ತಡಮಾಡದೆ ಡಾಕ್ಟರನ್ನು ಕಾಣು, ಮಾತ್ರೆಯ ಹೆಸರು ಹೇಳು. ಬದಲಿಸಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಮಗುವಿನ ಯೋಚನೆ ಬೇಡ. ಹೆಸರು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ.

ಒಂದನ್ನು ಹೇಳದೆ ಮುಗಿಸಬಹುದಿತ್ತು. ನರ್ಸಮ್ಮ ಕೇಳಿದರು, ‘ನಿಮ್ಮವರು ಯಾರಾದ್ರೂ ತಗೋತಿದಾರಾ?’

‘ಯಾರೂ ಇಲ್ಲ, ಸುಮ್ನೆ ಕೇಳ್ದೆ’ ಅಂದೆ.

ಅಮ್ಮ


ಮಾರ್ಚ್ 27

ಅಮ್ಮ,

ಎಂಟು ದಿನ ಮುಂದೆ ಹೋಗಿದೆ.

ನಿನ್ನ ಕಾಗದ ಬರುವವರೆಗೂ ಅದು ನನ್ನ ಸಿಹಿ ಗುಟ್ಟಾಗಿತ್ತು. ಇವರಿಗೂ ಹೇಳಿರಲಿಲ್ಲ, ಖಚಿತವಾಗಲಿ ಎಂದಿದ್ದೆ. ಈಗ ಬಸಿರಿನ ಪರೀಕ್ಷೆಯ ಪಟ್ಟಿ ಕೊಳ್ಳಲೂ ಧೈರ್ಯ ಬರುತ್ತಿಲ್ಲ. ಇಲ್ಲಿಯ ಔಷಧಿ ಅಂಗಡಿಯಲ್ಲೂ ನಿನ್ನಂಥವರೇ ಯಾರೋ ನಿಂತಿರುತ್ತಾರಲ್ಲ.

ಆದಾಗ ನೋಡಿಕೊಳ್ಳೋಣ ಎಂದಿದ್ದೆ. ಆಗಿದೆಯೋ ಏನೋ. ನೋಡಿಕೋ ಬಾ.

ಮಗಳು


ಮಾರ್ಚ್ 30

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಾನು ನಿಮಗೆ ಬರೆಯುವ ಮೊದಲ ಕಾಗದ ಇದು. ಕ್ಷೇಮ ಸಮಾಚಾರ ಕೇಳುವ ಯೋಗ್ಯತೆ ನನಗಿಲ್ಲ. ಇದನ್ನು ಓದಿದ ಮೇಲೆ ನೀವು ಕ್ಷೇಮವಾಗಿರುವುದೂ ಇಲ್ಲ.

ನೀವು ಕೂದಲಿಗೆಂದು ನುಂಗಿದ ಮಾತ್ರೆ ಕೂದಲಿನದಲ್ಲ, ಫಿಟ್ಸಿನದು. ನನ್ನ ಮಗಳಿಗೆ ಹನ್ನೆರಡನೇ ವಯಸ್ಸಿನಿಂದ ಫಿಟ್ಸ್ ಇತ್ತು. ಈಗ ಆರು ವರ್ಷದಿಂದ ಬಂದಿಲ್ಲ. ಹುಡುಗಿ ನೋಡಲು ಬಂದ ದಿನ ನೀವು ನನ್ನನ್ನು ಪಕ್ಕಕ್ಕೆ ಕರೆದು, ‘ಹೇಳೋಂಥದ್ದು ಏನಾದ್ರೂ ಇದ್ಯಾ?’ ಎಂದು ನೇರವಾಗಿ ಕೇಳಿದಿರಿ. ನಾನು, ‘ಬಾಯಿ ಸ್ವಲ್ಪ ಜೋರು, ನನ್ನ ಹಾಗೆ’ ಎಂದೆ. ನೀವು ನಕ್ಕಿರಿ. ಆ ನಗುವಿನ ಮರೆಯಲ್ಲಿ ನಾನು ದಾಟಿಕೊಂಡೆ. ನಗಿಸಿ ದಾಟಿಕೊಳ್ಳುವುದು ನನ್ನ ಹಳೆಯ ಚಾಳಿ. ಮೊನ್ನೆ ಮೊನ್ನೆ, ಮಗುವಿಗೆ ಮೊದಲೇ ಮಾತ್ರೆ ಕೇಳಿದ ಹುಡುಗಿಯನ್ನು ಕೂಸಿಗಿಂತ ಮೊದಲು ಕುಲಾವಿ ಎಂದು ಅಂಗಡಿ ತುಂಬ ನಗಿಸಿ ಓಡಿಸಿದೆ. ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಈಗ ಆ ಮಾತ್ರೆ ಬಸಿರಿಗೆ ಕೇಡು ಎಂದು ತಿಳಿದಿದೆ. ಅವಳು ಡಾಕ್ಟರ ಬಳಿ ಹೋಗಲೇಬೇಕು. ಅಲ್ಲಿ ನಿಜ ಹೇಳಲೇಬೇಕು. ನಿಜ ಹೇಳಲು ಅವಳಿಗಿರುವ ಒಂದೇ ಅಡ್ಡಿ ನಾನು ಹೇಳಿಕೊಟ್ಟ ಸುಳ್ಳು. ಬಚ್ಚಿಡು ಎಂದವಳು ನಾನು, ಅವಳಲ್ಲ. ಬೈಯುವುದಿದ್ದರೆ ಇತ್ತ ಬೈಯಿರಿ. ಫೋನಿನಲ್ಲಿ ಬೈದರೂ ಸರಿ, ಸ್ಪೀಕರ್ ಹಾಕಿಯೇ ಬೈಯಿರಿ.

ಎರಡನೆಯ ಬಾಟಲಿ ಸುಣ್ಣದ ಮಾತ್ರೆ. ಅದೂ ನನ್ನದೇ ಕೆಲಸ. ಮೊದಲನೆಯದನ್ನು ಎರಡು ತಿಂಗಳು ನುಂಗಿದ್ದೀರಿ, ದಯವಿಟ್ಟು ನೀವೂ ಡಾಕ್ಟರಿಗೆ ತೋರಿಸಿಕೊಳ್ಳಿ.

ತಲೆತಗ್ಗಿಸಿ,
ನಿಮ್ಮ ಸೊಸೆಯ ತಾಯಿ


ಏಪ್ರಿಲ್ 9

ಅಮ್ಮ,

ಹನ್ನೆರಡನೇ ದಿನ ಮುಟ್ಟಾದೆ. ಕನ್ನಡಕದ ಅಂಗಡಿಯಲ್ಲಿದ್ದೆ. ಒಬ್ಬ ಅಜ್ಜನನ್ನು ಅಕ್ಷರದ ಹಲಗೆಯ ಮುಂದೆ ಕೂರಿಸಿ ‘ಕೊನೇ ಸಾಲು ಕಾಣ್ಸುತ್ತಾ ತಾತ?’ ಎನ್ನುತ್ತಿದ್ದೆ. ಆಮೇಲೆ ಆ ಸಾಲು ನನಗೇ ಕಾಣಿಸಲಿಲ್ಲ. ಮಗು ಇಲ್ಲವೆಂದು ಸಂತೋಷಪಟ್ಟೆ, ಅಮ್ಮ. ಮೂರು ತಿಂಗಳು ಬೇಡಿಕೊಂಡದ್ದು ಬರಲಿಲ್ಲವೆಂದು ಸಂತೋಷಪಡುವವಳು ಎಂಥ ಹೆಂಗಸು ಎಂದು ಔಷಧಿಯ ಚೀಟಿಯಲ್ಲಿ ಬರೆದಿರುವುದಿಲ್ಲ.

ನಿನ್ನ ಕಾಗದವನ್ನು ಅತ್ತೆ ಊಟದ ಮೇಜಿನ ನಡುವೆ ಇಟ್ಟು, ಫೋನಿಗೆ ಮಾಡುವ ಹಾಗೆಯೇ, ಎಲ್ಲರಿಗೂ ಕೇಳುವಂತೆ ಓದಿದರು. ಇವರು ಅರ್ಧ ಊಟಕ್ಕೆ ಎದ್ದರು. ಬಾಗಿಲಲ್ಲಿ ನಿಂತು ಹೇಳಿದರು: ‘ರಿಪೇರಿ ಆದ್ಮೇಲೆ ಲಿಫ್ಟಿಗೆ ಜನ ಹತ್ತಿಸೋಕ್ ಮುಂಚೆ ನಾನು ಹಗ್ಗ ಮುಟ್ಟಿ ನೋಡ್ತೀನಿ. ಗುರ್ತು ಪರಿಚಯ ಇಲ್ದಿರೋರಿಗೋಸ್ಕರ. ನೀನು ನಂಗೊಂದು ಮಾತು ಹೇಳ್ಬಾರ್ದಿತ್ತಾ?’

ಮೂರು ದಿನ ‘ಉಪ್ಪು ಕೊಡು’ ಬಿಟ್ಟು ಬೇರೆ ಮಾತಿಲ್ಲ. ನಾಲ್ಕನೇ ದಿನ ರಜೆ ಹಾಕಿ, ‘ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರೆ?’ ಅಂದರು. ಬೆಂಚಿನ ಮೇಲೆ ಆರು ಬಸುರಿಯರು, ನಾನು, ಇವರು. ಗೋಡೆಯಲ್ಲಿದ್ದ ಲಿಫ್ಟಿನ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ನನ್ನ ಕೈಚೀಲ ಮಾತ್ರ ಅವರ ತೊಡೆಯ ಮೇಲಿತ್ತು.

ಹೊಸ ಮಾತ್ರೆ ನಿಧಾನಕ್ಕೆ ಹೆಚ್ಚಿಸಿ ಹಳೆಯದನ್ನು ನಿಧಾನಕ್ಕೆ ಇಳಿಸುತ್ತಾರಂತೆ. ಕಡಿಮೆಯೆಂದರೆ ಆರು ತಿಂಗಳು. ಜೊತೆಗೆ ನಿನ್ನ ಅಂಚೆ ಹುಡುಗಿ ಕೇಳಿದ ಮಾತ್ರೆಯೇ, ಇನ್ನೂ ಹೆಚ್ಚಿನ ಪ್ರಮಾಣದಲ್ಲಿ. ಎಲ್ಲ ಬರೆದ ಮೇಲೆ ಡಾಕ್ಟರಮ್ಮ ತಲೆಯೆತ್ತಿ, ‘ಮೊದ್ಲೇ ಬಂದ್ರಲ್ಲ, ತುಂಬಾ ಒಳ್ಳೇದಾಯ್ತು’ ಅಂದರು.

ಮೊದಲೇ! ನಾನು ನೆಲ ನೋಡಿದೆ. ಇವರೂ ನೆಲವನ್ನೇ ನೋಡುತ್ತಿದ್ದರು.

ಮಗಳು


ಮೇ 2

ಬೀಗಿತ್ತಿಯವರೇ,

ಒಂದು ತಿಂಗಳು ಬೈಗುಳ ಹುಡುಕುತ್ತಿದ್ದೆ, ಅದಕ್ಕೇ ತಡವಾಯಿತು. ನಿಮಗೆ ತಕ್ಕದ್ದು ಸಿಗಲಿಲ್ಲ.

ಕೋಪ ಇಳಿದಿಲ್ಲ. ಫಿಟ್ಸಿಗಲ್ಲ. ನಾನು ನೇರವಾಗಿ ಕೇಳಿದ್ದೆ, ನೀವು ನನ್ನನ್ನು ನಗಿಸಿದಿರಿ. ಅದಕ್ಕೆ. ಅಂದು ನಿಜ ಹೇಳಿದ್ದರೆ ನಾನು ಒಪ್ಪುತ್ತಿದ್ದೆನೇ? ಈ ತಿಂಗಳೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು ಅದನ್ನೇ ಕೇಳಿಕೊಂಡೆ. ಒಪ್ಪುತ್ತಿರಲಿಲ್ಲ. ಅದು ನನ್ನ ಪಾಲಿನ ನಾಚಿಕೆ, ನೀವು ಹೊರಬೇಡಿ.

ಸೊಸೆಯ ಮಾತ್ರೆ ಕದ್ದದ್ದೂ ನನ್ನದೇ. ನಾನು ಕದ್ದದ್ದಕ್ಕೆ ಅವಳು ಅರ್ಧ ನುಂಗಿದಳಂತೆ. ಅಂಗಡಿಯಲ್ಲಿ ಫಿಟ್ಸ್ ಬಂದು ಗಾಜು ಉಜ್ಜುವ ಮಷೀನಿನ ಮೇಲೆ ಬಿದ್ದಿದ್ದರೆ? ಆ ಮಾತು ಬಿಡೋಣ.

ನಿಮ್ಮ ಸುಣ್ಣದ ಬಾಟಲಿ ತಿಂದ ಮೇಲೆ ಕೂದಲು ಉದುರುವುದು ನಿಂತಿತ್ತು. ಎಂಥಾ ಔಷಧಿ ಎಂದು ರಸ್ತೆಯಲ್ಲಿ ನಾಲ್ಕು ಜನಕ್ಕೆ ಹೇಳಿಬಿಟ್ಟಿದ್ದೆ. ಈಗ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೇನೆ. ಡಾಕ್ಟರಮ್ಮನಿಗೆ ನನ್ನನ್ನೂ ತೋರಿಸಿದರು. ರಕ್ತ ತೆಗೆದು ನೋಡಿದರು, ಕೆಡುಕೇನಿಲ್ಲ. ಕೂದಲು ತಾನಾಗಿಯೇ ಬರುತ್ತದಂತೆ. ಅಲ್ಲಿಯವರೆಗೆ ತಲೆಗೆಂದು ಒಂದು ಕುಲಾವಿ ಹೊಲಿದುಕೊಂಡಿದ್ದೇನೆ. ಕೂಸಿಗಿಂತ ಮೊದಲು ಅಜ್ಜಿಗೆ. ಉಳಿದ ಬಟ್ಟೆಯಲ್ಲಿ ಚಿಕ್ಕದೊಂದನ್ನು ಕತ್ತರಿಸಿ ಇಟ್ಟಿದ್ದೇನೆ. ಹೊಲಿದಿಲ್ಲ. ಡಾಕ್ಟರಮ್ಮ ಹೂಂ ಅನ್ನಲಿ.

ಇನ್ನು ಮೇಲೆ ಡಬ್ಬಿಯನ್ನು ಹರಿಯದೆ ಕಳಿಸಿ. ಚೀಟಿ ಸಮೇತ. ಸೊಸೆ ನನಗೆ ಕನ್ನಡಕ ಮಾಡಿಕೊಟ್ಟಿದ್ದಾಳೆ. ನಾನೇ ಓದುತ್ತೇನೆ.

ಇಂತಿ,
ಬತ್ತಿ ಜಡೆಯವಳು


ಜೂನ್ 6

ಮಗಳೇ,

ಡಬ್ಬಿ ಇದೆ. ಚೀಟಿ ಒಳಗೇ ಇದೆ. ಅದನ್ನು ಬಿಚ್ಚಿ ಓದಿ ಮತ್ತೆ ಮೊದಲಿನ ಹಾಗೆ ಮಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಹರಿಯುವ ಕೈಗೆ ಮಡಿಸುವುದು ಬರುವುದಿಲ್ಲ.

ಇದನ್ನು ಓದಿ ಹರಿಯಬೇಡ. ಬೇಕಾದವರು ಓದಲಿ.

ಫೆಬ್ರವರಿಯ ತಮಾಷೆಯ ನಂತರ ನಾನು ನಮ್ಮ ಅಂಚೆ ಕಚೇರಿಗೆ ಕಾಲಿಟ್ಟಿರಲಿಲ್ಲ. ಮೊಣಕಾಲು ಎಳೆದುಕೊಂಡು ದೂರದ ಕಚೇರಿಗೆ ಹೋಗುತ್ತಿದ್ದೆ. ಇವತ್ತು ಮೊಳೆಯಿಂದ ಛತ್ರಿ ತೆಗೆದುಕೊಂಡು ಇಲ್ಲಿಗೇ ಹೋದೆ. ಸಾಲಿನಲ್ಲಿ ಒಂಬತ್ತು ಜನ. ಹುಡುಗಿ ನನ್ನನ್ನು ನೋಡಿದಳು, ಛತ್ರಿಯನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, ಪಕ್ಕದವರಿಗೂ ಕೇಳದ ಹಾಗೆ, ‘ಒಳಗೇನಿದೆ?’ ಎಂದಳು.

ಅಷ್ಟು ಮೆಲ್ಲಗೆ ಕೇಳಬಹುದು ಎಂದು ಮೂವತ್ತು ವರ್ಷದಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನೂ ಮೆಲ್ಲಗೇ ಹೇಳಬೇಕೆಂದಿದ್ದೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ‘ಫಿಟ್ಸಿನ ಔಷಧಿ. ನನ್ ಮಗಳಿಗೆ’ ಎಂದದ್ದು ಹಿಂದಿನ ಗೋಡೆಗೆ ಬಡಿದು ವಾಪಸು ಬಂತು.

ಅವಳು ಮುದ್ರೆ ಒತ್ತಿದಳು. ಛತ್ರಿ ಕೊಟ್ಟೆ. ಆ ಮಾತ್ರೆ ಬೇಕಿದ್ದರೆ ನಾನೇ ಮನೆಗೆ ತಂದುಕೊಡುತ್ತೇನೆ ಎಂದೆ.

‘ಬೇಡಮ್ಮಾ, ಆವಾಗ್ಲೇ ತಗೊಂಡೆ’ ಅಂದಳು. ‘ಎರಡು ಬಸ್ಸು ಬದಲಾಯಿಸಿ ಹೋಗಿ, ಗೊತ್ತಿಲ್ಲದ ಕಡೆ.’

ತಿರುಗಿ ನಡೆದೆ. ಬಾಗಿಲವರೆಗೂ ಒಂಬತ್ತು ಮುಖ ದಾಟಬೇಕಿತ್ತು. ಉಬ್ಬಸದ ತಾತನೂ ಅಲ್ಲಿದ್ದ. ತುಸು ಸರಿದು ದಾರಿ ಬಿಟ್ಟ.

ಒಬ್ಬರೂ ನಗಲಿಲ್ಲ, ಮಗಳೇ.

ನಿನ್ನ ಅಮ್ಮ